ಹಂಚಿನ ಮಳೆ, ತಗಡಿನ ಮಳೆ

ಕರಾವಳಿಯಲ್ಲಿ ಚಿತ್ರೀಕರಿಸಿದ ಸಿನಿಮಾ, ವೆಬ್ ಸರಣಿ, ಸಾಕ್ಷ್ಯಚಿತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ದೃಶ್ಯವಿದೆ. ಹಂಚಿನ ಮನೆ, ಪಾಚಿ ಹಿಡಿದ ಅಂಗಳ, ಹಿಂದೆ ಅಡಿಕೆ ತೋಟ, ಜಗಲಿಯ ಕಂಬಕ್ಕೆ ಒರಗಿ ಕೂತ ಅಜ್ಜಿ, ಹೊರಗೆ ಆಟಿಯ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳ, ಮಳೆ. ಕ್ಯಾಮೆರಾ ಹಿಡಿದದ್ದೆಲ್ಲ ನಿಜ. ಹಂಚಿನ ಕಪ್ಪು, ಕಂಬದ ಗೆದ್ದಲಿನ ಗೆರೆ, ಅಜ್ಜಿಯ ಸೀರೆಯ ನಿರಿಗೆ, ಯಾವುದರಲ್ಲೂ ತಪ್ಪಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಮಾತ್ರ ಆ ಮನೆ ಅಲ್ಲಿಲ್ಲ. ಮಳೆ ಎಂದು ಕೇಳಿಸುವುದು ಎಣ್ಣೆಯಲ್ಲಿ ಹಪ್ಪಳ ಕರಿಯುವಂಥ ಒಂದೇ ಸಮನೆಯ ಸುಂಯ್ ಸದ್ದು. ಕಪ್ಪೆ ಎಂದು ಕೇಳಿಸುವುದು ‘ರಿಬ್ಬಿಟ್’ ಎನ್ನುವ ಒಂದು ಪ್ರಾಣಿ. ರಾತ್ರಿಯಾದರೆ ದೂರದಿಂದ ನೀಳವಾಗಿ ಊಳಿಡುವ ಒಂದು ಹಕ್ಕಿ. ಈ ಮೂರೂ ತುಳುನಾಡಿನವಲ್ಲ.

‘ರಿಬ್ಬಿಟ್’ ಎನ್ನುವುದು ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಪುಟ್ಟ ಮರಗಪ್ಪೆ. ಹಾಲಿವುಡ್ಡಿನ ಧ್ವನಿ ತಂತ್ರಜ್ಞರಿಗೆ ಮನೆ ಪಕ್ಕದಲ್ಲೇ ಸಿಕ್ಕಿತು, ಅವರ ಸದ್ದಿನ ಸಂಗ್ರಹ ಜಗತ್ತಿನ ಎಲ್ಲ ಸ್ಟುಡಿಯೊಗಳಿಗೂ ಹೋಯಿತು, ಹಾಗಾಗಿ ಈಗ ಎಲ್ಲ ದೇಶದ ಕಪ್ಪೆಗಳೂ ಹಾಗೇ ಕೂಗುತ್ತವೆ. ಊಳಿಡುವ ಹಕ್ಕಿ ಉತ್ತರ ಅಮೆರಿಕದ ತಣ್ಣನೆಯ ಸರೋವರಗಳ ‘ಲೂನ್’; ನಮ್ಮಲ್ಲಿ ಅದು ಒಂದು ಋತುವಿಗೂ ಬರುವುದಿಲ್ಲ. ಮಲ್ಪೆಯ ಬಂದರಿನ ಮೇಲೆ ಗರುಡ ಸುತ್ತುವ ಶಾಟ್ ಇದ್ದರೆ ಅದಕ್ಕೆ ಅಂಟಿಸುವ ಖಡಕ್ ಕಿರುಚು ಅಮೆರಿಕದ್ದೇ ಕೆಂಪು ಬಾಲದ ಗಿಡುಗನದು. ನಿಜವಾದ ಗರುಡ ಎಳೆ ಕೂಸಿನ ಹಾಗೆ ಸಣ್ಣಗೆ ರಾಗ ಎಳೆಯುತ್ತದೆ. ಆ ಗಾಂಭೀರ್ಯದ ಮೈಗೆ ಆ ದನಿ ಒಗ್ಗುವುದಿಲ್ಲ ಅನ್ನಿಸಿ ಅದನ್ನು ತೆಗೆದುಹಾಕುತ್ತಾರೆ. ಬೈಂದೂರಿನಿಂದ ತಲಪಾಡಿವರೆಗಿನ ಯಾವ ಪ್ರೇಕ್ಷಕರಿಗೂ ಈ ಹೆಸರುಗಳು ಬೇಕಿಲ್ಲ. ಎಲ್ಲೋ ಏನೋ ಸರಿಯಿಲ್ಲ ಎನ್ನುವುದು ಅವರ ಕಿವಿಗೆ ತಾನಾಗಿ ತಿಳಿಯುತ್ತದೆ, ಯಾಕೆಂದರೆ ವರ್ಷದ ನಾಲ್ಕು ತಿಂಗಳು ಅವರು ಬದುಕುವುದೇ ಆ ಸದ್ದಿನೊಳಗೆ.

ಪರಿಸರದ ಬಗ್ಗೆ ಕಾಳಜಿ ಇರುವ ಸಿನಿಮಾ ಅಂದರೆ ಡ್ರೋನ್ ಹಾರಿಸಿ ಹಸಿರನ್ನು ಮೇಲಿನಿಂದ ತೋರಿಸುವುದು ಎಂಬ ನಂಬಿಕೆ ಬೆಳೆದುಬಿಟ್ಟಿದೆ. ಮೇಲಿನಿಂದ ನೋಡಿದರೆ ಎಲ್ಲ ಹಸಿರೂ ಒಂದೇ. ರಬ್ಬರ್ ತೋಟವೂ ಕಾಡಿನ ಹಾಗೇ ಕಾಣುತ್ತದೆ. ರಬ್ಬರ್ ತೋಟ ಮತ್ತು ಕಾಡು ಬೇರೆ ಬೇರೆ ಎಂದು ಹೇಳಬಲ್ಲದ್ದು ಕಿವಿ. ಒಂದು ಊರಿನ ಸದ್ದಿನಲ್ಲಿ ಅದರ ಗಡಿಯಾರವೂ ಪಂಚಾಂಗವೂ ಇರುತ್ತವೆ. ಅದನ್ನು ಹಿಡಿಯುವುದು ಹೇಗೆ, ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಕೆಲಸದ ಮಟ್ಟದಲ್ಲೇ ಬರೆದಿಡಬೇಕು ಅನ್ನಿಸಿತು.

ಬೀಳುವ ಜಾಗದ ಸದ್ದು

ಮಳೆಗೆ ತನ್ನದೇ ಸದ್ದು ಬಹಳ ಕಡಿಮೆ. ನಾವು ಕೇಳುವುದು ಅದು ಬಿದ್ದ ಜಾಗದ ಸದ್ದು. ಸೋನೆ ಮಳೆಯ ಅರ್ಧ ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಇಳಿದರೆ, ಜಡಿಮಳೆಯ 5 ಮಿಲಿಮೀಟರಿನ ಹನಿ ಸುಮಾರು 9 ಮೀಟರ್ ವೇಗದಲ್ಲಿ ಬರುತ್ತದೆ. ಅದರಾಚೆ ಎಲ್ಲವೂ ಕೆಳಗೆ ಏನಿದೆ ಎಂಬುದರ ಮೇಲೆ ನಿಂತಿದೆ.

ಮಂಗಳೂರು ಹಂಚು ಸುಟ್ಟ ಆವೆಮಣ್ಣು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಈ ಕರಾವಳಿಯ ಮಳೆಗಾಲದ ದನಿಯನ್ನು ನಿರ್ಧರಿಸಿದ್ದು ಅದೇ. ಒಂದೊಂದು ಹಂಚು ಎರಡು ಕಿಲೊಗೂ ಮಿಕ್ಕಿ ತೂಗುತ್ತದೆ. ರೀಪಿನ ಮೇಲೆ ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಂಡು ಸಡಿಲವಾಗಿ ಕೂತಿರುತ್ತದೆ. ಹನಿ ಬಿದ್ದರೆ ಹಂಚು ಕಂಪಿಸುವುದಕ್ಕೆ ಮೊದಲೇ ಸದ್ದು ಸಾಯುತ್ತದೆ. ಹಾಗಾಗಿ ಒಳಗೆ ಕೂತವರಿಗೆ ಕೇಳುವುದು ಮಂದವಾದ, ತುಂಬಿಕೊಂಡ ‘ಧೋ’. ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇರುವ ಕೋಣೆಯಲ್ಲಿ ಆ ಧೋ ಇನ್ನೂ ಕೆಳಗಿಳಿದು ಹೊದಿಕೆಯ ಹಾಗಾಗುತ್ತದೆ. ಅಡುಗೆಮನೆಯಲ್ಲಿ ಮುಚ್ಚಿಗೆಯಿಲ್ಲದ ಕಡೆ ಹಂಚಿನ ಸಂದಿಯಿಂದ ಮೇಲಿನ ಸ್ವರಗಳೂ ಇಳಿದುಬರುತ್ತವೆ. ತಗಡಿನ ಶೀಟು ಇದಕ್ಕೆ ಪೂರ್ತಿ ವಿರುದ್ಧ. ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಹನಿಗೊಮ್ಮೆ ಚೆಂಡೆಯ ತೊಗಲಿನ ಹಾಗೆ ಮಿಡಿಯುತ್ತದೆ, ಒಂದರ ಕಂಪನ ಮುಗಿಯುವ ಮೊದಲೇ ಇನ್ನೊಂದು, ಮತ್ತೊಂದು. ಮನೆಯೊಳಗೆ ಮಾತೇ ಕೇಳುವುದಿಲ್ಲ. ಈಗ ಹಂಚಿನ ಮಾಡು ಸೋರುತ್ತದೆಂದು ಅದರ ಮೇಲೆಯೇ ತಗಡು ಹೊದಿಸಿದ ಮನೆಗಳು ಬಹಳ. ನೋಡುವುದಕ್ಕೆ ಒಳಗಿನಿಂದ ಹಂಚಿನ ಮನೆ, ಕೇಳುವುದಕ್ಕೆ ಗೋದಾಮು. ಅಲ್ಲಿ ಚಿತ್ರೀಕರಣ ಮಾಡುವವರು ಇದನ್ನು ಮೊದಲೇ ತಲೆಯೆತ್ತಿ ನೋಡಿಕೊಳ್ಳಬೇಕು.

ಅಡಿಕೆ ತೋಟದಲ್ಲಿ ಮಳೆಗೆ ಎರಡು ಪದರ. ಮೇಲೆ ಸೋಗೆಯ ಸರಸರ. ಕೆಳಗೆ, ಸೋಗೆಯಲ್ಲಿ ಒಟ್ಟುಗೂಡಿ ದಪ್ಪವಾಗಿ ಹತ್ತಾರು ಮೀಟರ್ ಎತ್ತರದಿಂದ ಬೀಳುವ ಬಿಡಿ ಹನಿಗಳ ಪಟ್, ಪಟ್. ಬಿದ್ದ ಒಣ ಹಾಳೆಯ ಮೇಲೆ ಆ ಹನಿ ತಮಟೆಯ ಏಟಿನಷ್ಟು ಗಟ್ಟಿ. ಕೆಸುವಿನ ಎಲೆಯ ಮೇಲೆ ಅದೇ ಹನಿ ಟೊಳ್ಳಾಗಿ ಕೇಳುತ್ತದೆ. ನಾಟಿ ಆದ ಬೈಲಿನ ನೀರಿಗೆ ಬಿದ್ದಾಗಿನ ಕತೆ ಬೇರೆ: ಅಲ್ಲಿ ‘ಟುಳುಂಕ್’ ಎನ್ನುವುದು ಹನಿಯಲ್ಲ. ಹನಿ ಕೊರೆದ ಕುಳಿ ಮುಚ್ಚಿಕೊಳ್ಳುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆ ಕಂಪಿಸಿ ನೀರಿನ ಮೈಯನ್ನು ಅಲುಗಿಸುತ್ತದೆ. ಆ ಅಲುಗಾಟವೇ ನಮ್ಮ ಕಿವಿಗೆ ಬರುವುದು. ಗದ್ದೆಯಲ್ಲಿ ನಾಲ್ಕು ಬೆರಳು ನೀರಿದ್ದಾಗ ಇದು ಕೇಳುತ್ತದೆ, ಬರೀ ಕೆಸರಿದ್ದಾಗ ಕೇಳುವುದಿಲ್ಲ. ಆದ್ದರಿಂದ ಸದ್ದು ಕೇಳಿಯೇ ನಾಟಿ ಆಗಿದೆಯೋ ಇಲ್ಲವೋ ಹೇಳುವುದು ಕಷ್ಟವಲ್ಲ. ಎಲೆಯಿಂದ ಹೆಣೆದ ಗೊರಬು ಹೊದ್ದು ಭತ್ತದ ನೇಜಿ ನೆಡುವವರ ಬೆನ್ನಿನ ಮೇಲಿನ ಮಳೆಯಂತೂ ಈಗ ಹೆಚ್ಚುಕಡಿಮೆ ನಿಂತೇಹೋಗಿದೆ. ಪ್ಲಾಸ್ಟಿಕ್ ಹೊದಿಕೆಯ ಚರಚರ ಅದರ ಜಾಗಕ್ಕೆ ಬಂತು, ಅದಕ್ಕೂ ಈಗ ನಾಟಿ ಯಂತ್ರದ ಎಂಜಿನ್ ಸದ್ದು ಸೇರಿದೆ.

ಕನ್ನಡದ ಅನುಕರಣ ಪದಗಳನ್ನು ಮಕ್ಕಳ ಮಾತು ಎಂದು ಬರವಣಿಗೆಯಿಂದ ದೂರ ಇಡುವವರಿದ್ದಾರೆ. ಧ್ವನಿಗ್ರಹಣದ ಕೆಲಸ ಮಾಡುವವರಿಗೆ ಅವು ಅಳತೆಪಟ್ಟಿ. ಜಿಟಿಜಿಟಿ ಅಂದರೆ ದಿನಗಟ್ಟಲೆ ಬಿಡದ ಸಣ್ಣ ಹನಿ, ನೆಲ ಆಗಲೇ ಒದ್ದೆ. ಪಟಪಟ ಅಂದರೆ ಎಣಿಸಬಹುದಾದ ಹನಿ, ಒಣಗಿದ ಅಥವಾ ಬಿಗಿಯಾದ ಮೈ. ಟಪ್ ಟಪ್ ಅಂದರೆ ಮಳೆ ನಿಂತಿದೆ, ಸೂರು ಇನ್ನೂ ನಿಂತಿಲ್ಲ. ಧೋ ಅಂದರೆ ಎಣಿಕೆ ಮೀರಿದೆ. ‘ಮಳೆ ಸುರಿಯುತ್ತಿತ್ತು’ ಎಂದು ಕತೆಗಾರ ಬರೆದರೆ ಅದು ಸಂಗ್ರಹದಿಂದ ತೆಗೆದ ಮಳೆ. ಎಲ್ಲಿಗಾದರೂ ಹೊಂದುತ್ತದೆ, ಅದಕ್ಕೇ ಎಲ್ಲಿಗೂ ಹೊಂದುವುದಿಲ್ಲ. 1933ರಲ್ಲಿ ಬಂದ ‘ಚೋಮನ ದುಡಿ’ಯ ಹೆಸರಿನಲ್ಲೇ ಒಂದು ಸದ್ದಿದೆ. ಚೋಮನಿಗೆ ಭೂಮಿ ಸಿಗುವುದಿಲ್ಲ, ದುಡಿ ಮಾತ್ರ ಅವನದು. ಕಾದಂಬರಿ ಓದುವವರೂ 1975ರ ಸಿನಿಮಾ ನೋಡಿದವರೂ ಕೊನೆಗೆ ನೆನಪಿಟ್ಟುಕೊಳ್ಳುವುದು ಮುಚ್ಚಿದ ಗುಡಿಸಲಿನೊಳಗಿನ ಆ ಬಡಿತವನ್ನೇ. ನೆಲದ ಜೊತೆಗಿನ ಮನುಷ್ಯನ ಸಂಬಂಧವನ್ನು ಒಂದು ಚಿತ್ರಕ್ಕಿಂತ ಒಂದು ಸದ್ದು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಮೈಕಿಗೊಂದು ಗೊರಬು

ಮಳೆಯನ್ನು ರೆಕಾರ್ಡ್ ಮಾಡಲು ಹೊರಟವರು ಮೊದಲು ಮಾಡುವ ತಪ್ಪು, ಬಯಲಿನಲ್ಲಿ ನಿಂತು ಮಳೆಗೆ ಮೈಕು ಹಿಡಿಯುವುದು. ಬರುವುದು ಹಳೆಯ ಟೀವಿಯಲ್ಲಿ ಚಾನೆಲ್ ಹೋದಾಗಿನ ಸದ್ದು. ಲಕ್ಷಗಟ್ಟಲೆ ಹನಿ ಸಮನಾಗಿ, ಸಮ ದೂರದಲ್ಲಿ ಬಿದ್ದರೆ ಕಿವಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮಳೆ ಮಳೆಯಾಗಿ ಕೇಳಬೇಕಾದರೆ ಮೂರು ದೂರಗಳು ಬೇಕು. ಕೈಯಳತೆಯಲ್ಲಿ ಬಿಡಿ ಹನಿಗಳು, ಅಂದರೆ ಒಂದು ಬಾಳೆಲೆ ಅಥವಾ ಕೆಸು, ಇಲ್ಲವೇ ಸೂರಿನ ಕೆಳಗಿಟ್ಟ ಹಂಡೆ. ಹತ್ತು ಹದಿನೈದು ಹೆಜ್ಜೆ ಆಚೆ ಒಂದು ಮಾಡು. ಅದರಾಚೆ ತೋಟದ ಅಥವಾ ಗುಡ್ಡದ ಒಟ್ಟು ಮೊರೆತ. ಮೂರನ್ನೂ ಬೇರೆ ಬೇರೆಯಾಗಿ, ಆದರೆ ಒಂದೇ ಮಳೆಯಲ್ಲಿ ಹಿಡಿಯಬೇಕು. ಬೆಳಗಿನ ಜಡಿಯ ಹಂಚನ್ನೂ ಸಂಜೆಯ ಸೋನೆಯ ಎಲೆಯನ್ನೂ ಸೇರಿಸಿದರೆ ಸುಳ್ಳು ತಕ್ಷಣ ಗೊತ್ತಾಗುತ್ತದೆ, ಹನಿಯ ಗಾತ್ರ ಬೇರೆ ಬೇರೆ ಇರುತ್ತದೆ.

ಎರಡನೇ ತೊಂದರೆ ಮೈಕಿನ ಮೇಲೆಯೇ ಬೀಳುವ ಹನಿ. ಗಾಳಿ ತಡೆಯುವ ತುಪ್ಪಳದ ಹೊದಿಕೆ ಒದ್ದೆಯಾದರೆ ಒಳಗೆ ಡಬ್ ಡಬ್ ಎನ್ನುವ ಗುದ್ದು ಕೇಳುತ್ತದೆ, ಮೇಲಿನ ಸ್ವರಗಳು ಸಾಯುತ್ತವೆ. ಕೊಡೆ ಹಿಡಿದರೆ ಕೊಡೆಯ ಸದ್ದು, ಟಾರ್ಪಾಲು ಕಟ್ಟಿದರೆ ಟಾರ್ಪಾಲಿನ ಸದ್ದು. ಇದಕ್ಕೆ ಮದ್ದು ನಮ್ಮ ಹಿತ್ತಿಲಿನಲ್ಲೇ ಇದೆ: ತೆಂಗಿನ ನಾರು. ಎರಡು ಇಂಚು ದಪ್ಪಕ್ಕೆ ಸಡಿಲವಾಗಿ ಹರಡಿದ ನಾರಿನ ಹಾಸನ್ನು ತಂತಿಯ ಚೌಕಟ್ಟಿಗೆ ಹೊಲಿದು, ಮೈಕಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಒಂದು ಬದಿಗೆ ಇಳಿಜಾರಾಗಿ ನಿಲ್ಲಿಸಬೇಕು. ಹನಿ ನಾರಿಗೆ ಬಿದ್ದು ಒಡೆದು, ಎಳೆ ಹಿಡಿದು ಸದ್ದಿಲ್ಲದೆ ಇಳಿದುಹೋಗುತ್ತದೆ. ಗಾಳಿ, ಸದ್ದು ಎರಡೂ ಒಳಗೆ ಬರುತ್ತವೆ. ನಾರನ್ನು ಒತ್ತಿ ಕಟ್ಟಿದರೆ ಅದು ಹಲಗೆಯಾಗುತ್ತದೆ, ಕೆಲಸ ಕೆಡುತ್ತದೆ. ಏರ್ ಕೂಲರಿನ ಒಳಗಿನ ಮರದ ಸಿಪ್ಪೆಯ ಪ್ಯಾಡೂ ಆದೀತು. ಎರಡು ತಾಸಿನ ಜಡಿಮಳೆಯಾದ ಮೇಲೆ ಯಾವ ನಾರೂ ತುಂಬಿಕೊಂಡು ತೊಟ್ಟಿಕ್ಕತೊಡಗುತ್ತದೆ. ಇನ್ನೊಂದು ಹಾಸು ಒಣಗಿಸಿಟ್ಟುಕೊಂಡಿರಬೇಕು.

ಜಗಲಿಯಿಂದ ಮಾಡುವುದಾದರೆ ಸೂರಿನ ಹನಿಸಾಲಿನಿಂದ ಕನಿಷ್ಠ ಎರಡು ಮೀಟರ್ ಹಿಂದೆ ಬನ್ನಿ, ಇಲ್ಲದಿದ್ದರೆ ಆ ಟಪಟಪ ಉಳಿದದ್ದನ್ನೆಲ್ಲ ನುಂಗುತ್ತದೆ. ಹಿಂದಿನ ಗೋಡೆಯಿಂದ ಸದ್ದು ಮರಳಿ ಬಂದು ಎಲ್ಲವೂ ಡಬ್ಬಿಯೊಳಗಿನಂತೆ ಕೇಳುವುದು ಸಾಮಾನ್ಯ. ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಸಾಕು. ಎರಡು ಮೈಕುಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ ಇಡುವ ಓಆರ್‌ಟಿಎಫ್ ಜೋಡಣೆ ಇಂಥ ಕಡೆ ಚೆನ್ನಾಗಿ ನಡೆಯುತ್ತದೆ: ನಮ್ಮ ಎರಡು ಕಿವಿಗಳ ಅಂತರ ಅದರ ಹತ್ತಿರವೇ ಇರುವುದರಿಂದ ಹೆಡ್‌ಫೋನಿನಲ್ಲಿ ಅಂಗಳ ಅಂಗಳದಷ್ಟೇ ಅಗಲವಾಗಿ ಕೇಳುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಸಿನಿಮಾಕ್ಕೆ ಸಾಕು. ಮಟ್ಟವನ್ನು ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. ಗುಡುಗು ಹೇಳಿ ಬರುವುದಿಲ್ಲ.

ಕರಾವಳಿಯ ನಿಜವಾದ ಶತ್ರು ನೀರಲ್ಲ, ತೇವ. ಜುಲೈಯಲ್ಲಿ ಮಂಗಳೂರಿನ ಸುತ್ತ 1000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮಳೆಯಿಲ್ಲದ ಹೊತ್ತಲ್ಲೂ ಗಾಳಿ ಹಿಂಡಿದರೆ ನೀರು ಬರುವಂತಿರುತ್ತದೆ. ಸಾಮಾನ್ಯ ಕಂಡೆನ್ಸರ್ ಮೈಕಿನ ಸದ್ದು ಹಿಡಿಯುವ ಕ್ಯಾಪ್ಸೂಲಿನ ಮೇಲೆ ಕಣ್ಣಿಗೆ ಕಾಣದ ಪಸೆ ಕೂತರೆ ಅದರ ವಿದ್ಯುತ್ ಸಣ್ಣಗೆ ಸೋರಿ ಹುರಿದ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಮಳೆಯ ಸದ್ದಿನೊಳಗೆ ಅದು ಬೆರೆತುಹೋಗುವುದರಿಂದ ಅಲ್ಲಿ ಗೊತ್ತಾಗುವುದಿಲ್ಲ, ಎಡಿಟಿಂಗಿಗೆ ಕೂತಾಗ ಗೊತ್ತಾಗುತ್ತದೆ. ರೇಡಿಯೊ ಆವರ್ತನದ ತಂತ್ರದಲ್ಲಿ ಕೆಲಸ ಮಾಡುವ ಕಂಡೆನ್ಸರ್‌ಗಳು ಇದನ್ನು ತಡೆದುಕೊಳ್ಳುತ್ತವೆ, ಬೆಲೆ ಹೆಚ್ಚು. ಅವಿಲ್ಲದವರು ಎರಡು ನಿಯಮ ಪಾಲಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಎಸಿ ಕಾರು ಅಥವಾ ಕೋಣೆಯಿಂದ ತಂದ ಚೀಲವನ್ನು ಅರ್ಧ ಗಂಟೆ ತೆರೆಯದೆ ಹೊರಗಿಡುವುದು, ತಣ್ಣನೆಯ ಲೋಹಕ್ಕೆ ಬೆವರು ಕಟ್ಟದಂತೆ. ರಾತ್ರಿ ಎಲ್ಲವನ್ನೂ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದು. ಕಿತ್ತಳೆ ಬಣ್ಣದ ಕಾಳು ಹಸಿರಾದರೆ, ನೀಲಿ ಗುಲಾಬಿಯಾದರೆ ಅದು ತುಂಬಿದೆ ಎಂದರ್ಥ. 120 ಡಿಗ್ರಿಯ ಸುತ್ತ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಬಾಣಲೆಗೆ ಅದನ್ನು ಹಾಕಲೇಬಾರದು.

ಮೊಬೈಲಿನಲ್ಲಿ ಹಿಡಿದರಾಗದೇ ಎಂದು ಕೇಳುವವರುಂಟು. ಮೊಬೈಲು ಮನುಷ್ಯರ ಮಾತಿಗೆಂದು ಮಾಡಿದ ಯಂತ್ರ. ಒಂದೇ ಸಮನೆ ಇರುವುದೆಲ್ಲ ಅದಕ್ಕೆ ಗದ್ದಲ, ಅಳಿಸಿಹಾಕಬೇಕಾದದ್ದು. ಮಳೆ ಒಂದೇ ಸಮನೆ ಇರುತ್ತದೆ. ಆದ್ದರಿಂದ ಮೊಬೈಲಿನ ವೀಡಿಯೊದಲ್ಲಿ ಮಳೆ ಶುರುವಾದ ಎರಡು ಮೂರು ಸೆಕೆಂಡಿಗೆ ತಗ್ಗಿ ದೂರ ಹೋದಂತಾಗುತ್ತದೆ. ಗದ್ದಲ ತಗ್ಗಿಸುವ ಆಯ್ಕೆಗಳನ್ನು ಬಂದ್ ಮಾಡಿ, ಸಂಕುಚಿಸದ ವೇವ್ ಕಡತದಲ್ಲಿ ಹಿಡಿಯುವ ಆ್ಯಪ್ ಹಾಕಿಕೊಂಡರೆ ದಾಖಲೆಗೆ ಅಡ್ಡಿಯಿಲ್ಲ.

ಮುರಕಲ್ಲಿನ ಪಾದೆಯಲ್ಲಿ ಒಂದು ರಾತ್ರಿ

ಮಣಿಪಾಲದ ಸುತ್ತಮುತ್ತ ಕಟ್ಟಡಗಳ ನಡುವೆ ಉಳಿದಿರುವ ಮುರಕಲ್ಲಿನ (ಲ್ಯಾಟರೈಟ್) ಪಾದೆಗಳನ್ನು, ಅಂದರೆ ಬಯಲು ಬಂಡೆಗಳನ್ನು, ಬೇಸಿಗೆಯಲ್ಲಿ ನೋಡಿದವರು ಬರಡು ನೆಲ ಎಂದೇ ತಿಳಿಯುತ್ತಾರೆ. ಸರಕಾರಿ ಕಾಗದದಲ್ಲೂ ಇಂಥ ನೆಲಕ್ಕೆ ಪಾಳು ಎಂಬ ಹೆಸರು ಸುಲಭವಾಗಿ ಅಂಟುತ್ತದೆ. ಜೂನಿನ ಮೊದಲ ಒಂದೆರಡು ಒಳ್ಳೆಯ ಮಳೆಯಾದ ಮೇಲೆ, ರಾತ್ರಿ ಎಂಟರ ಹೊತ್ತಿಗೆ ಅಲ್ಲಿಗೆ ಹೋದರೆ ಸದ್ದು ಎದೆಗೆ ತಾಗುತ್ತದೆ. ಕಲ್ಲಿನ ತೂತುಗಳಿಗೆ ಇಳಿಯುವ ನೀರಿನ ಗುಳುಗುಳು ಕಾಲ ಕೆಳಗೆ. ಅಂಗೈಯಗಲದ ಹೊಂಡಗಳಲ್ಲಿ ಕಪ್ಪೆಗಳು. ಹಳದಿ ಬಣ್ಣಕ್ಕೆ ತಿರುಗಿದ ಗಂಡು ಗೋಂಕುರುಕಪ್ಪೆ ತಗ್ಗಿನ ಗದ್ದೆಯಿಂದ ಕರೆಯುವುದು ಬೇರೆಯೇ, ಅದು ದೂರದ ಕೋಣನ ಕೆಮ್ಮಿನಂತೆ. ಇವುಗಳ ನಡುವೆ, ಎಲ್ಲ ಕಡೆಯಿಂದಲೂ, ಕೀಟದ ಹಾಗೆ ಕಿರ್ ಕಿರ್ ಎನ್ನುವ ಒಂದು ಸದ್ದು.

ಆ ಕಿರ್ ಕಿರ್ ಬಹುಕಾಲ ಚಿಮ್ಮಂಡೆಯ ಲೆಕ್ಕಕ್ಕೇ ಹೋಗಿತ್ತು. ಅದು ಸುಮಾರು 1.6 ಸೆಂಟಿಮೀಟರ್ ಉದ್ದದ ಒಂದು ಕಪ್ಪೆ. 2016ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದಾಗ ಅದು ಬದುಕುವ ಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೊಹೈಲಾ ಲ್ಯಾಟರೈಟ್. ಎರಡು ವರ್ಷದ ಬಳಿಕ, 2018ರಲ್ಲಿ, ಮಂಗಳೂರಿನ ಕೈಗಾರಿಕಾ ಪ್ರದೇಶದ ನಡುವೆ ಸಿಕ್ಕಿದ ಅದರ ಇನ್ನೊಂದು ಸಂಬಂಧಿಗೆ ಊರಿನ ಕೊಂಕಣಿ ಹೆಸರು ಬಂತು: ಮೈಕ್ರೊಹೈಲಾ ಕೊಡಿಯಾಲ್. ಅಂದರೆ ಉಡುಪಿಗೆ ಉಡುಪಿಯದೇ, ಮಂಗಳೂರಿಗೆ ಮಂಗಳೂರಿನದೇ ಕಪ್ಪೆಗಳಿವೆ. ಇಷ್ಟಾದ ಮೇಲೂ ಇಲ್ಲಿ ತೆಗೆದ ಸಿನಿಮಾದಲ್ಲಿ ಕ್ಯಾಲಿಫೋರ್ನಿಯಾದ ಕಪ್ಪೆ ಕೂಗುವುದು ನನಗೆ ಬಹಳ ನೋವಿನ ವಿಷಯ.

ಅಲ್ಲಿ ರೆಕಾರ್ಡ್ ಮಾಡುವ ಕ್ರಮ ಸರಳ, ತಾಳ್ಮೆ ಬೇಕು. ಕಾಲಿಟ್ಟ ಕೂಡಲೇ ಎಲ್ಲವೂ ಬಾಯಿ ಮುಚ್ಚುತ್ತವೆ. ಮೈಕು ನಿಲ್ಲಿಸಿ, ಟಾರ್ಚ್ ಆರಿಸಿ, ಉದ್ದದ ಕೇಬಲ್ ಹಿಡಿದು ಹತ್ತು ಹನ್ನೆರಡು ಮೀಟರ್ ಹಿಂದೆ ಸರಿದು ಕೂರಬೇಕು. ಮೊದಲು ದೂರದವು, ಆಮೇಲೆ ಹತ್ತಿರದವು ಶುರುಮಾಡುತ್ತವೆ. ಹತ್ತರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಬೆಳಕು ಬೇಕೇ ಬೇಕಾದರೆ ಕೆಂಪು ಬೆಳಕು. ಮೊಟ್ಟೆಯಿರುವ ಹೊಂಡಕ್ಕೆ ಕಾಲು ಹಾಕಬಾರದು, ಕಪ್ಪೆಯನ್ನು ಕೈಯಲ್ಲಿ ಹಿಡಿಯಬಾರದು. ಗಂಬೂಟು ಹಾಕಿಕೊಳ್ಳುವುದು ಹಾವಿಗಾಗಿ ಮಾತ್ರವಲ್ಲ, ನಿಂತ ನೀರಿನಿಂದ ಇಲಿಜ್ವರ ಬರುತ್ತದೆ, ಕಾಲಲ್ಲಿ ಗಾಯವಿದ್ದರೆ ಆ ರಾತ್ರಿ ಹೋಗದಿರುವುದೇ ಒಳ್ಳೆಯದು. ಒಂದೇ ಕಪ್ಪೆಯ ದನಿ ಬೇಕಿದ್ದರೆ ಮೈಕು ಅದರಿಂದ ಒಂದು ಮೀಟರಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಇಡೀ ಪಾದೆ ಬೇಕಿದ್ದರೆ ಆಳೆತ್ತರದಲ್ಲಿ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಎರಡೂ ಸಿಗುವುದಿಲ್ಲ. ಈ ಪಾದೆಗಳು ಕೆಂಪುಕಲ್ಲಿನ ಕೋರೆಗೂ ಹೊಸ ಬಡಾವಣೆಗೂ ಹೋಗುತ್ತಿವೆ. ಚಿತ್ರೀಕರಣದ ತಂಡವೊಂದು ಬೇರೆ ಕೆಲಸಕ್ಕೆಂದು ಹಿಡಿದ ಅರ್ಧ ಗಂಟೆಯ ಸದ್ದು ಆ ಜಾಗದ ಕೊನೆಯ ದಾಖಲೆಯಾಗುವ ಸಾಧ್ಯತೆ ನಿಜವಾಗಿಯೂ ಇದೆ.

ಪಂಚಾಂಗ ತಪ್ಪಿದ ಮಳೆ

ಸಿನಿಮಾದ ಮಳೆ ಮಳೆಗಾಲದಲ್ಲಿ ಬರುವುದಿಲ್ಲ. ನಿಜವಾದ ಮಳೆಯಲ್ಲಿ ಬೆಳಕು ಸಾಲದು, ಲೆನ್ಸಿಗೆ ಹನಿ, ಕೆಲಸ ನಿಂತರೆ ದಿನದ ಖರ್ಚು. ಹಾಗಾಗಿ ನವೆಂಬರ್, ಡಿಸೆಂಬರಿನಲ್ಲಿ ಟ್ಯಾಂಕರ್ ತರಿಸಿ, ಪಂಪಿನಿಂದ ತೂತಿನ ಪೈಪುಗಳಿಗೆ ನೀರು ಏರಿಸಿ ಮಳೆ ಬರಿಸುತ್ತಾರೆ. ಸಣ್ಣ ಹನಿ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂದು ದಪ್ಪ ಹನಿ, ಅದಕ್ಕೆ ಹಿಂದಿನಿಂದ ಬೆಳಕು. ಪಂಪಿನ ಗದ್ದಲದಲ್ಲಿ ಸ್ಥಳದ ಸದ್ದು ಒಂದಕ್ಷರವೂ ಉಪಯೋಗಕ್ಕೆ ಬರುವುದಿಲ್ಲ. ಇದೆಲ್ಲ ಕೆಲಸದ ಅನಿವಾರ್ಯ, ತಪ್ಪಲ್ಲ. ತಪ್ಪು ಆಮೇಲಿನದು. ಚಿತ್ರದಲ್ಲಿ ಮಳೆಗಾಲದ ಭತ್ತದ ಬೆಳೆಯಾದ ಏಣೆಲು ಕೊಯ್ದ ಗದ್ದೆ ಕಾಣುತ್ತಿದೆ, ಮೇಲೆ ಆಟಿಯ ಮಳೆ, ಹಿನ್ನೆಲೆಯಲ್ಲಿ ಕೋಗಿಲೆ. ಕೋಗಿಲೆಯ ಕಾಲ ಬೇಸಿಗೆಯ ಆಸುಪಾಸು. ನವರಂಗ ಹಕ್ಕಿಯ ಎರಡು ಸ್ವರದ ಸಿಳ್ಳು ಕೇಳಿಸಿದರೆ ಅದು ಚಳಿಗಾಲದ ಮುಂಜಾವು ಅಥವಾ ಮುಸ್ಸಂಜೆ. ಮಳೆಗಾಲದಲ್ಲಿ ಆ ಹಕ್ಕಿ ಇಲ್ಲಿಂದ ಉತ್ತರಕ್ಕೆ ಹೋಗಿ ಗೂಡು ಕಟ್ಟಿರುತ್ತದೆ. ಮಡಿವಾಳ ಹಕ್ಕಿ ಗಟ್ಟಿಯಾಗಿ ಹಾಡುವುದು ಮಾರ್ಚಿನಿಂದ ಮಳೆ ಹಿಡಿಯುವ ತನಕ. ಮಳೆಗಾಲದ ಬೆಳಗಿಗೆ ಘಟ್ಟದ ಬುಡದ ತೋಡುಗಳಲ್ಲಿ ಸಿಳ್ಳುಗಾರ ಹಕ್ಕಿಯ ಹಾಡೇ ಸಾಕಷ್ಟಿದೆ, ಅದನ್ನು ಯಾರೂ ಬಳಸುವುದಿಲ್ಲ.

ಪತ್ತನಾಜೆಗೆ, ಅಂದರೆ ಮೇ 24-25ರ ಹೊತ್ತಿಗೆ, ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತವೆ. ಆಮೇಲೆ ರಾತ್ರಿಗಳಿಂದ ಧ್ವನಿವರ್ಧಕವೂ ಜನರೇಟರೂ ದೂರದ ಚೆಂಡೆಯೂ ಒಮ್ಮೆಗೇ ಇಲ್ಲವಾಗುತ್ತವೆ. ಜುಲೈ ತಿಂಗಳ ರಾತ್ರಿಯ ದೃಶ್ಯಕ್ಕೆ ವಾತಾವರಣಕ್ಕಿರಲಿ ಎಂದು ದೂರದ ಚೆಂಡೆ ಹಾಕಿದರೆ ಊರಿನವರಿಗೆ ಅದು ದೀಪಾವಳಿಯ ದಿನ ಬಿಸು ಹಬ್ಬದ ಕಣಿ ಇಟ್ಟಂತೆ. ಬಂದರಿನದೂ ಇದೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮಲ್ಪೆಯಲ್ಲಿ ಟ್ರಾಲ್ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಎಂಜಿನ್ನಿನ ಡಗಡಗ ಇಲ್ಲ, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದಿಲ್ಲ, ಹರಾಜಿನ ಕೂಗಿಲ್ಲ. ಇರುವುದು ಹಗ್ಗದ ಕಿರಗುಟ್ಟು, ಬೋಟಿನ ಬದಿಯ ಟೈರು ಒತ್ತಿಕೊಂಡಾಗಿನ ನರಳು, ಅಳಿವೆಯ ಆಚೆ ಕಡಲಿನ ಒಂದೇ ಮೊರೆತ. ನಾಡದೋಣಿಯವರು ಮಾತ್ರ ತೂಫಾನಿನ ನಡುವೆ ಬಿಡುವು ನೋಡಿ ಇಳಿಯುತ್ತಾರೆ. ಕಡಲು ಉಕ್ಕುವ ಜುಲೈಯಲ್ಲಿ ನಾಯಕ ದೊಡ್ಡ ಬೋಟಿನಲ್ಲಿ ಹೊರಟರೆ ಅದು ಸಾಹಸ ಅನ್ನಿಸುವುದಿಲ್ಲ, ಕತೆ ಬರೆದವರಿಗೆ ಬಂದರಿನ ಪರಿಚಯವಿಲ್ಲ ಅನ್ನಿಸುತ್ತದೆ.

ಕಡಲನ್ನು ಹಿಡಿಯುವುದಕ್ಕೆ ಎಲ್ಲರೂ ಮರವಂತೆಗೆ ಹೋಗುತ್ತಾರೆ, ನೋಡುವುದಕ್ಕೆ ಅಂಥ ಜಾಗ ಇನ್ನೊಂದಿಲ್ಲ. ಕೇಳುವುದಕ್ಕೆ ಅದು ಆಗದ ಜಾಗ: ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಲಾರಿ ಇಲ್ಲದ ಎರಡು ನಿಮಿಷ ಅಲ್ಲಿ ಸಿಗುವುದಿಲ್ಲ. ಕರಾವಳಿಯ ಉದ್ದಕ್ಕೂ ಈ ಹೆದ್ದಾರಿ ಮತ್ತು ಕೊಂಕಣ ರೈಲು ಕಡಲಿಗೆ ಸಮಾನಾಂತರವಾಗಿ ಓಡುವುದರಿಂದ ನಸುಕಿನ ಮೂರೂವರೆಯಿಂದ ಐದರ ನಡುವಿನ ಹೊತ್ತೇ ಒಳ್ಳೆಯದು. ಮರಳಿನ ದಂಡೆಗೆ ಬರುವ ಅಲೆಗೂ ಕೊರೆತ ತಡೆಯಲು ಸುರಿದ ಬಂಡೆಗಳಿಗೆ ಬಡಿಯುವ ಅಲೆಗೂ ಸದ್ದಿನಲ್ಲಿ ಅಜಗಜಾಂತರ. ಮರಳಿನಲ್ಲಿ ಅಲೆ ಒಡೆದು, ಹರಡಿ, ಸೊಂಯ್ ಎಂದು ಹಿಂದೆ ಸರಿಯುತ್ತದೆ. ಬಂಡೆಯಲ್ಲಿ ಧಡ್ ಎಂದು ನಿಲ್ಲುತ್ತದೆ, ಹಿಂದೆ ಸರಿಯುವ ಸದ್ದೇ ಇಲ್ಲ. ಕೊರೆತದ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ವಿವರಣೆ ಓದಿಸುವ ಬದಲು ಈ ಎರಡನ್ನು ಒಂದರ ಹಿಂದೆ ಒಂದು ಕೇಳಿಸಿದರೆ ಸಾಕು. ಕೆಲಸ ಮುಗಿದ ಮೇಲೆ ಮೈಕಿನ ಹೊರಮೈ, ಸ್ಟ್ಯಾಂಡು, ಕೇಬಲ್ ತುದಿಗಳನ್ನು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಅದೇ ದಿನ ಒರೆಸಬೇಕು. ಉಪ್ಪು ಒಂದು ರಾತ್ರಿ ಉಳಿದರೂ ಹಿತ್ತಾಳೆಗೆ ಹಸಿರು ಹಿಡಿಯುತ್ತದೆ.

ಸ್ಟುಡಿಯೊದೊಳಗೆ

ಸ್ಥಳದಲ್ಲಿ ಇಷ್ಟು ಕಷ್ಟಪಟ್ಟು ತಂದದ್ದನ್ನು ಕೆಡಿಸುವುದು ಬಹಳ ಸುಲಭ. ಇಪ್ಪತ್ತು ಸೆಕೆಂಡಿನ ತುಂಡನ್ನು ಮತ್ತೆ ಮತ್ತೆ ಅಂಟಿಸಿದರೆ ಅದರಲ್ಲಿನ ಒಂದು ದಪ್ಪ ಹನಿ ನಿಮಿಷಕ್ಕೆ ಮೂರು ಸಲ ಬಂದು ಸುಳ್ಳು ಹೇಳುತ್ತದೆ. ಯಾವ ಹಿನ್ನೆಲೆಯೂ ಐದು ನಿಮಿಷಕ್ಕೆ ಕಡಿಮೆಯಿರಬಾರದು, ಜೋಡಿಸುವಾಗ ನಾಲ್ಕೈದು ಸೆಕೆಂಡು ಒಂದರೊಳಗೊಂದು ಕರಗಬೇಕು. ಮಾತಿನ ಸ್ಪಷ್ಟತೆ 1ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ, ಮಳೆಯೂ ಅಲ್ಲೇ ಕೂತಿರುತ್ತದೆ. ಪೂರ್ತಿ ಮಳೆಯನ್ನು ತಗ್ಗಿಸುವ ಬದಲು ಆ ಭಾಗವನ್ನಷ್ಟೇ ಮೂರು ನಾಲ್ಕು ಡೆಸಿಬೆಲ್ ಇಳಿಸಿದರೆ ಮಾತಿಗೆ ಜಾಗ ಸಿಗುತ್ತದೆ, ಮಳೆಯ ಭಾರವೂ ಉಳಿಯುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3ಗೆ ಮಳೆಯನ್ನು ಇಳಿಸಬಾರದು. ಆ ತಂತ್ರ ಕಿವಿಗೆ ಕೇಳದು ಎಂದು ಲೆಕ್ಕ ಹಾಕಿದ್ದನ್ನು ಬಿಟ್ಟು ಕಡತ ಚಿಕ್ಕದು ಮಾಡುತ್ತದೆ, ಮಳೆಯಂಥ ಸದ್ದಿನಲ್ಲಿ ಹಾಗೆ ಬಿಡಬಹುದಾದದ್ದು ಕಡಿಮೆ; ಹನಿಗಳೆಲ್ಲ ಕಲಸಿಹೋಗಿ ನೀರೊಳಗೆ ಕಿವಿ ಮುಳುಗಿದಂತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸುಳ್ಳು ಡಬ್ಬಿಂಗಿನಲ್ಲಿ ಆಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಜನ ಮಾತಾಡುವುದೇ ಬೇರೆ ರೀತಿ. ಜಗಲಿಯಿಂದ ಕೊಟ್ಟಿಗೆಗೆ ಕೂಗಿ ಹೇಳಬೇಕು, ಪದದ ಕೊನೆ ಎಳೆಯಬೇಕು, ಹತ್ತಿರ ಕೂತರೂ ದನಿ ಒಂದು ಮೆಟ್ಟಿಲು ಮೇಲಿರುತ್ತದೆ. ಸುತ್ತ ಗದ್ದಲವಿದ್ದರೆ ಮನುಷ್ಯನ ದನಿ ತಾನಾಗಿ ಏರುತ್ತದೆ, ಸ್ವರಗಳು ಉದ್ದವಾಗುತ್ತವೆ, ತಡೆಯುತ್ತೇನೆಂದರೂ ಆಗುವುದಿಲ್ಲ. ಬೆಂಗಳೂರಿನ ನಿಶ್ಶಬ್ದ ಕೋಣೆಯಲ್ಲಿ ನಿಂತ ಕಲಾವಿದ ಅದೇ ಸಾಲನ್ನು ಪಿಸುದನಿಯಲ್ಲಿ ಹೇಳುತ್ತಾನೆ, ಅದರ ಹಿಂದೆ ಎಷ್ಟೇ ಒಳ್ಳೆಯ ಮಳೆ ಇಟ್ಟರೂ ಅವನು ಮಳೆಯೊಳಗಿಲ್ಲ. ಪರಿಹಾರಕ್ಕೆ ಖರ್ಚೇ ಇಲ್ಲ. ಡಬ್ಬಿಂಗ್ ಮಾಡುವವರ ಹೆಡ್‌ಫೋನಿಗೆ ಆ ದೃಶ್ಯದ ಮಳೆಯನ್ನು ಗಟ್ಟಿಯಾಗಿ ಕೊಟ್ಟು, ಅವರದೇ ದನಿಯನ್ನು ಸ್ವಲ್ಪ ತಗ್ಗಿಸಿ ಕೇಳಿಸಿದರೆ ದನಿ ತಾನಾಗಿ ಜಗಲಿಗೆ ಬರುತ್ತದೆ. ಕಿವಿಗೆ ಬಿಗಿಯಾಗಿ ಮುಚ್ಚುವ ಹೆಡ್‌ಫೋನ್ ಇರಲಿ, ಇಲ್ಲದಿದ್ದರೆ ಆ ಮಳೆ ಸೋರಿ ಮೈಕಿಗೆ ಬರುತ್ತದೆ.

ಯಕ್ಷಗಾನದ ರಂಗದಲ್ಲಿ ಒಂದು ಮರದ ಚಿತ್ರವೂ ಇರುವುದಿಲ್ಲ. ಭಾಗವತರ ಪದ, ವೇಷಧಾರಿಯ ಅರ್ಥ, ಹೆಜ್ಜೆಯ ಎಚ್ಚರ, ಇಷ್ಟರಿಂದಲೇ ಘೋರಾರಣ್ಯ ಎದ್ದು ನಿಲ್ಲುತ್ತದೆ. ಕಾಡನ್ನು ಕಿವಿಯಿಂದ ನೋಡಲು ಬಲ್ಲ ಪ್ರೇಕ್ಷಕರು ಈ ಜಿಲ್ಲೆಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಅವರಿಗಾಗಿ ಸಿನಿಮಾ ಮಾಡುವವರು ಅವರ ಕಿವಿಯನ್ನು ನಂಬಬೇಕೆಂದು ನನ್ನ ಆಸೆ.

ರೆಕಾರ್ಡ್ ಶುರು ಮಾಡುವಾಗ ಮೊದಲ ಹತ್ತು ಸೆಕೆಂಡು ಬಾಯಲ್ಲೇ ಹೇಳಿಡುವ ಅಭ್ಯಾಸವನ್ನು ಎಂಥ ಆತುರದಲ್ಲೂ ಬಿಡಬಾರದು: ತಾರೀಕು, ಹೊತ್ತು, ಊರು, ಮಾಡು ಯಾವುದರದು, ಗಾಳಿ ಯಾವ ಕಡೆಯದು, ಗದ್ದೆಯಲ್ಲಿ ನೀರಿದೆಯೇ, ಕಡಲಾದರೆ ಉಬ್ಬರವೇ ಇಳಿತವೇ. ಕಾಗದದ ಟಿಪ್ಪಣಿ ಒದ್ದೆಯಾಗಿ ಹರಿದುಹೋಗುತ್ತದೆ, ಕಡತದ ಹೆಸರನ್ನು ಯಾರೋ ಬದಲಿಸುತ್ತಾರೆ, ಹೇಳಿದ ಮಾತು ಸದ್ದಿನ ಜೊತೆಗೇ ಉಳಿಯುತ್ತದೆ. ನಿಲ್ಲಿಸುವಾಗಲೂ ಅಷ್ಟೇ ಎಚ್ಚರ. ಮಳೆ ಹೊಳವಾದ ಕೂಡಲೇ ಬೆರಳು ಗುಂಡಿಗೆ ಹೋಗುತ್ತದೆ. ಹೋಗಬಾರದು, ಇನ್ನೂ ಇಪ್ಪತ್ತು ನಿಮಿಷ ಓಡಲಿ. ಮೊದಲು ಹಂಚಿನ ಧೋ ನಿಂತು ಸೂರಿನ ಸಾಲು ಬಿಡಿಬಿಡಿಯಾಗುತ್ತದೆ. ಮಾಡಿನ ನೀರು ಹರಿಸುವ ದಂಬೆಯ ಧಾರೆ ಸಣ್ಣಗಾಗಿ ಹಂಡೆಯೊಳಗಿನ ಸ್ವರ ಏರುತ್ತದೆ. ತೋಟದಲ್ಲಿ ಮಾತ್ರ ಸೋಗೆಯಿಂದ ಸೋಗೆಗೆ ಮಳೆ ಇನ್ನೂ ಇಳಿಯುತ್ತಲೇ ಇರುತ್ತದೆ. ಒಳಗೆ ಯಾರೋ ಬಾಗಿಲು ತೆರೆಯುತ್ತಾರೆ, ದನಿ ತಗ್ಗಿಸಿ ಮಾತಾಡುತ್ತಾರೆ. ಆಗ ಬೈಲಿನ ಕಡೆಯಿಂದ ಮೊದಲ ಕಪ್ಪೆ.